ಚಿತ್ರ ಮಾರುವ ವೆಬ್‌ಸೈಟ್ ಕೈಕೊಟ್ಟಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

“ಸೈಟು ಹಾಳಾಗಿದೆ ಮಾರಾಯ, ಎಂತ ಆಯ್ತು ಅಂತ ಒಮ್ಮೆ ನೋಡು.”

ಅಕ್ಕನ ಫೋನು ಬರುವುದೇ ಹೀಗೆ. ಅವಳು ಉಡುಪಿಯ ಮನೆಯ ಮಹಡಿಯಲ್ಲಿ ಕೂತು ಕಾವಿ ಚಿತ್ರಗಳನ್ನೂ ಯಕ್ಷಗಾನ ವೇಷಗಳ ಜಲವರ್ಣಗಳನ್ನೂ ಮಾಡುತ್ತಾಳೆ. ಅವನ್ನು ಮಾರುವ ವೆಬ್‌ಸೈಟನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಮಂಗಳೂರು, ಕಾಪು, ಮಣಿಪಾಲದ ಕಡೆಯ ಇನ್ನೂ ನಾಲ್ವರು ಕಲಾವಿದರ ಸೈಟುಗಳು ನನ್ನ ಕೈಯಲ್ಲಿವೆ. ಎಲ್ಲವೂ ಸೈಟು ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿವೆ, ಅದರ ಮೇಲೆ ಮಾರಾಟಕ್ಕೆಂದು ವೂಕಾಮರ್ಸ್ ಎಂಬ ಅಂಗಡಿ. ಹಾಗಾಗಿ ಇಲ್ಲಿ ಬರೆದದ್ದು ಅದಕ್ಕೆ ನೇರವಾಗಿ ಹೊಂದುತ್ತದೆ. ಬೇರೆ ವ್ಯವಸ್ಥೆಯಲ್ಲಿರುವವರಿಗೆ ಗುಂಡಿಗಳ ಹೆಸರು ಬೇರೆ ಇರಬಹುದು, ಹುಡುಕುವ ದಾರಿ ಇದೇ.

‘ಹಾಳಾಗಿದೆ’ ಎಂಬ ಮಾತಿನಿಂದ ಏನೂ ಗೊತ್ತಾಗುವುದಿಲ್ಲ. ಗಿರಾಕಿಯ ಬೆರಳಿನಿಂದ ಕಲಾವಿದರ ಕೈಗೆ ಹಣ ಮುಟ್ಟುವವರೆಗೆ ಒಂದು ಸರಪಳಿ ಇದೆ. ಮೊದಲು ಡೊಮೇನ್ ಹೆಸರು, ಆಮೇಲೆ ಆ ಹೆಸರಿನಿಂದ ಸರ್ವರ್‌ಗೆ ದಾರಿ ತೋರಿಸುವ ಡಿಎನ್‌ಎಸ್, ಸರ್ವರ್, ಅದರೊಳಗಿನ ಅಂಗಡಿ, ಅಂಗಡಿಯ ಗಲ್ಲಾ ಅಂದರೆ ಪೇಮೆಂಟ್ ಗೇಟ್‌ವೇ, ಕೊನೆಗೆ ಆರ್ಡರ್ ಬಂದ ಸುದ್ದಿ ತರುವ ಇಮೇಲ್. ಯಾವ ಕೊಂಡಿ ಕಳಚಿದೆ ಎಂದು ತಿಳಿಯುವ ಮೊದಲು ಯಾವುದಕ್ಕೂ ಕೈ ಹಾಕಬಾರದು. ಗಾಬರಿಯಲ್ಲಿ ಪ್ಲಗಿನ್ (ಸೈಟಿಗೆ ಸೇರಿಸಿದ ಹೆಚ್ಚುವರಿ ತಂತ್ರಾಂಶ) ತೆಗೆದು, ಥೀಮ್ (ಸೈಟಿನ ಹೊರರೂಪ) ಬದಲಿಸಿ, ಹೋಸ್ಟಿಂಗ್‌ನಲ್ಲಿ (ಸರ್ವರ್‌ನಲ್ಲಿ ಬಾಡಿಗೆಗೆ ಪಡೆದ ಜಾಗದಲ್ಲಿ) ಏನನ್ನೋ ಒತ್ತಿ, ಒಂದು ದೋಷ ಇದ್ದಲ್ಲಿ ಮೂರು ಮಾಡಿಕೊಂಡವರನ್ನು ನೋಡಿದ್ದೇನೆ. ಆಮೇಲೆ ಮೊದಲಿನ ದೋಷ ಯಾವುದಿತ್ತು ಎಂದು ಹೇಳಲು ಯಾರಿಗೂ ಆಗುವುದಿಲ್ಲ.

ಆದ್ದರಿಂದ ಅಕ್ಕನಿಗೆ ನನ್ನ ಮೊದಲ ಪ್ರಶ್ನೆ: “ಪರದೆಯಲ್ಲಿ ಎಂತ ಕಾಣ್ತಾ ಉಂಟು? ಒಂದು ಸ್ಕ್ರೀನ್‌ಶಾಟ್ ಕಳಿಸು.” ಎರಡನೆಯದು, ಯಾವ ಫೋನಿನಲ್ಲಿ, ಯಾವ ನೆಟ್‌ವರ್ಕಿನಲ್ಲಿ. ಮೂರನೆಯದು, ಕೊನೆಯ ಸಲ ಸರಿ ಇದ್ದದ್ದು ಯಾವಾಗ, ಆಮೇಲೆ ಯಾರಾದರೂ ಏನಾದರೂ ಬದಲಿಸಿದರೋ. ಈ ಮೂರಕ್ಕೆ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧಕ್ಕೆ ಇಳಿಯುವ ಮೊದಲು ಫೈಲುಗಳದ್ದೂ ಡೇಟಾಬೇಸಿನದ್ದೂ ಒಂದು ಬ್ಯಾಕಪ್ ತೆಗೆದು ಸ್ವಂತ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಸೈಟು ತೆರೆಯುವುದೇ ಇಲ್ಲ

ಮಳೆಗಾಲದಲ್ಲಿ ನಮ್ಮ ಕಡೆಯಿಂದ ಬರುವ ಇಂಥ ದೂರುಗಳಲ್ಲಿ ಹೆಚ್ಚಿನವಕ್ಕೂ ಸೈಟಿಗೂ ಸಂಬಂಧವೇ ಇರುವುದಿಲ್ಲ. ಮರ ಬಿದ್ದು ಕೇಬಲ್ ತುಂಡಾಗಿರುತ್ತದೆ, ಕರೆಂಟ್ ಹೋಗಿ ಬಂದ ಮೇಲೆ ರೌಟರ್ ಅರೆಬರೆ ಎದ್ದಿರುತ್ತದೆ. ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ತೆರೆಯಿರಿ. ಆಗಲೂ ಬಾರದಿದ್ದರೆ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರುವ ನೆಂಟರೊಬ್ಬರಿಗೆ ಲಿಂಕ್ ಕಳಿಸಿ ನೋಡಲು ಹೇಳಿ. ಅಲ್ಲಿ ತೆರೆದರೆ ದೋಷ ನಿಮ್ಮ ಬದಿಯದ್ದು, ಸೈಟನ್ನು ಮುಟ್ಟಬೇಡಿ.

ಎಲ್ಲಿಯೂ ತೆರೆಯದಿದ್ದರೆ ಬ್ರೌಸರ್ ಹೇಳುವ ಮಾತನ್ನು ಅಕ್ಷರ ಬಿಡದೆ ಓದಿ. ‘ಸರ್ವರ್ ಸಿಗಲಿಲ್ಲ’ ಎಂದರೆ ಡೊಮೇನ್ ಅಥವಾ ಡಿಎನ್‌ಎಸ್ ಕಡೆ ಹೋಗಬೇಕು. ‘ಸಂಪರ್ಕ ಸುರಕ್ಷಿತವಲ್ಲ’ ಎಂದರೆ ಸೈಟಿನ ಗುರುತನ್ನು ಖಾತ್ರಿಪಡಿಸುವ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಅವಧಿ ಮುಗಿದಿರಬಹುದು, ಅಥವಾ ನೋಡುವವರ ಫೋನಿನ ತಾರೀಕು ತಪ್ಪಿರಬಹುದು. 500 ಅಥವಾ 503 ಎಂಬ ಸಂಖ್ಯೆ ಕಂಡರೆ ಹೆಸರೂ ದಾರಿಯೂ ಸರಿ ಇವೆ, ಸರ್ವರ್ ಒಳಗೆ ಏನೋ ಕೆಟ್ಟಿದೆ.

ಡೊಮೇನ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ‘ಆಟೋ ರಿನ್ಯೂ ಹಾಕಿದ್ದೇನೆ, ಕಾರ್ಡೂ ಕೊಟ್ಟಿದ್ದೇನೆ, ಹೇಗೆ ಅವಧಿ ಮುಗಿಯುತ್ತದೆ?’ ಎಂದು ಕೇಳುವವರು ಬಹಳ. ಆರ್‌ಬಿಐ ನಿಯಮದಂತೆ 2021ರ ಅಕ್ಟೋಬರ್ 1ರಿಂದ ಕಾರ್ಡಿನಿಂದ ಕಾಲಕಾಲಕ್ಕೆ ತಾನಾಗಿ ಹಣ ಕಡಿತವಾಗಬೇಕಾದರೆ ಮೊದಲೇ ಇ-ಮ್ಯಾಂಡೇಟ್ (ಅದಕ್ಕೆ ಕಾರ್ಡುದಾರರು ಕೊಡುವ ಒಪ್ಪಿಗೆ) ನೋಂದಣಿಯಾಗಿರಬೇಕು. ಅದಿಲ್ಲದೆ ಡೊಮೇನ್ ಮಾರುವ ಕಂಪನಿ, ಅದರಲ್ಲೂ ಹೊರದೇಶದ್ದು, ಹಣ ಕೇಳಿದರೆ ಬ್ಯಾಂಕು ನಿರಾಕರಿಸುತ್ತದೆ. ಪರದೆಯಲ್ಲಿ ‘ಆಟೋ ರಿನ್ಯೂ ಆನ್’ ಎಂದೇ ಇರುತ್ತದೆ, ಹಣ ಮಾತ್ರ ಹೋಗಿರುವುದಿಲ್ಲ. ಡೊಮೇನಿನ ಹೂಈಸ್ ಎಂಬ ಸಾರ್ವಜನಿಕ ನೋಂದಣಿ ದಾಖಲೆಯಲ್ಲಿ ಮುಗಿಯುವ ದಿನಾಂಕ ನೋಡಿದರೆ ಒಂದು ನಿಮಿಷದಲ್ಲಿ ಇದು ಗೊತ್ತಾಗುತ್ತದೆ. ಡಾಟ್ ಕಾಮ್ ಹೆಸರಿನ ಅವಧಿ ಮುಗಿದೊಡನೆ ಅದು ಬೇರೆಯವರ ಪಾಲಾಗುವುದಿಲ್ಲ. ಕೆಲವು ದಿನಗಳ ಸಾಮಾನ್ಯ ಕಾಲಾವಕಾಶ, ಅದೂ ಕಳೆದು ಹೆಸರು ಅಳಿಸಲ್ಪಟ್ಟರೆ ದುಬಾರಿ ಶುಲ್ಕ ಕೊಟ್ಟು ಬಿಡಿಸಿಕೊಳ್ಳಲು 30 ದಿನ ಇರುತ್ತದೆ. ಹಾಗಾಗಿ ಗಾಬರಿಯಿಂದ ಹೊಸ ಹೆಸರು ಕೊಳ್ಳಬೇಡಿ. ಪ್ರದರ್ಶನದ ಕರಪತ್ರಗಳಲ್ಲಿ, ಚಿತ್ರಗಳ ಹಿಂಬದಿಯ ಚೀಟಿಗಳಲ್ಲಿ ಅಚ್ಚಾಗಿ ಮನೆ ಮನೆ ಸೇರಿರುವುದು ಹಳೆಯ ಹೆಸರು.

ಹಣ ಕಟ್ಟಿಯೂ ಹೆಸರು ಸ್ಥಗಿತವಾಗುವುದುಂಟು. ಡಾಟ್ ಕಾಮ್‌ನಂಥ ಹೆಸರು ಹೊಸದಾಗಿ ಕೊಂಡಾಗ, ಅಥವಾ ಮಾಲೀಕರ ವಿವರ ಬದಲಿಸಿದಾಗ, ಇಮೇಲ್ ವಿಳಾಸ ದೃಢಪಡಿಸಲು ಒಂದು ಲಿಂಕ್ ಬರುತ್ತದೆ. 15 ದಿನದೊಳಗೆ ಅದನ್ನು ಒತ್ತದಿದ್ದರೆ ಹೆಸರು ಅಮಾನತಾಗುತ್ತದೆ. ಆ ಮೇಲ್ ಯಾರ ವಿಳಾಸಕ್ಕೆ ಹೋಗಿದೆ? ಕರಾವಳಿಯಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ನನಗೆ ಬಾಯಿಪಾಠವಾಗಿದೆ: ಸೈಟ್ ಮಾಡಿಕೊಟ್ಟ ಹುಡುಗನ ವಿಳಾಸಕ್ಕೆ, ಅವನೀಗ ದುಬೈಯಲ್ಲಿದ್ದಾನೆ. ಅವನ ತಪ್ಪೇನಿಲ್ಲ, ಆ ಹೊತ್ತಿಗೆ ಉಪಕಾರವನ್ನೇ ಮಾಡಿದ್ದ. ಆದರೆ ಡೊಮೇನ್ ಎಂಬುದು ಅಂಗಡಿಯ ಹಕ್ಕುಪತ್ರ ಇದ್ದ ಹಾಗೆ, ಅದು ಕಲಾವಿದರ ಹೆಸರಿನಲ್ಲಿ, ಕಲಾವಿದರದೇ ಇಮೇಲ್ ಮತ್ತು ಫೋನ್ ನಂಬರಿನಲ್ಲಿ ಇರಬೇಕು. ಇದನ್ನು ಇವತ್ತೇ ನೋಡಿ, ಸೈಟು ಸರಿ ಇದ್ದರೂ ನೋಡಿ.

ಸರ್ಟಿಫಿಕೇಟ್ ಬಗ್ಗೆ ಎರಡೇ ಮಾತು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಉಚಿತ ಸರ್ಟಿಫಿಕೇಟ್ ಸಾಮಾನ್ಯವಾಗಿ 90 ದಿನದ್ದು, ಸರ್ವರ್ ಅದನ್ನು ತಾನಾಗಿ ನವೀಕರಿಸಬೇಕು. ಅವಧಿ ಮುಗಿಯುತ್ತದೆ ಎಂದು ಮೊದಲು ಎಚ್ಚರಿಕೆಯ ಮೇಲ್ ಬರುತ್ತಿತ್ತು, 2025ರ ಜೂನ್‌ನಿಂದ ಅದೂ ನಿಂತಿದೆ. ಹಾಗಾಗಿ ಕ್ಯಾಲೆಂಡರಿನಲ್ಲಿ ನೀವೇ ಗುರುತು ಹಾಕಿಕೊಳ್ಳಬೇಕು.

ಚಿತ್ರ ಏರುತ್ತಿಲ್ಲ, ಪುಟ ತೆವಳುತ್ತಿದೆ

ಒಮ್ಮೆ ಜನವರಿಯಲ್ಲಿ, ಪರ್ಯಾಯದ ವಾರ. ರಥಬೀದಿಗೆ ಬಂದ ಊರೂರಿನ ಜನ ಅಕ್ಕನ ಚಿತ್ರ ನೋಡಿ ಸೈಟ್ ತೆರೆಯುತ್ತಿದ್ದ ಹೊತ್ತು. ಹೊಸ ಚಿತ್ರ ಹಾಕಲು ಹೋದರೆ ಅರ್ಧಕ್ಕೆ ನಿಲ್ಲುತ್ತಿತ್ತು, ಅಡ್ಮಿನ್‌ಗೆ ಲಾಗಿನ್ ಆದರೆ ಮತ್ತೆ ಲಾಗಿನ್ ಪುಟಕ್ಕೇ ಬರುತ್ತಿತ್ತು, ಒಂದೆರಡು ಆರ್ಡರ್ ದಾಖಲಾಗಲೇ ಇಲ್ಲ. ಮೂರೂ ಬೇರೆ ಬೇರೆ ದೋಷದ ಹಾಗೆ ಕಾಣುತ್ತವೆ, ಮೂಲ ಒಂದೇ: ಹೋಸ್ಟಿಂಗ್‌ನ ಜಾಗ ತುಂಬಿತ್ತು. ಹೀಗೆ ಸಂಬಂಧವಿಲ್ಲದ ಲಕ್ಷಣಗಳು ಒಟ್ಟಿಗೆ ಕಂಡರೆ ಮೊದಲು ಡಿಸ್ಕ್ ಬಳಕೆ ನೋಡಿ.

ತುಂಬುವುದು ಹೇಗೆಂದರೆ, ಕ್ಯಾಮೆರಾದಿಂದ ನೇರ ಬಂದ ಒಂದು ಫೋಟೊ 10-12 ಎಂಬಿ ಇರುತ್ತದೆ. ಅದನ್ನು ಹಾಕಿದೊಡನೆ ವರ್ಡ್‌ಪ್ರೆಸ್ಸೂ ಅಂಗಡಿಯೂ ಸೇರಿ ಹತ್ತರ ಹತ್ತಿರ ಬೇರೆ ಬೇರೆ ಅಳತೆಯ ಪ್ರತಿಗಳನ್ನು ಮಾಡುತ್ತವೆ. 2019ರಲ್ಲಿ ಬಂದ 5.3ನೇ ಆವೃತ್ತಿಯ ನಂತರ 2560 ಪಿಕ್ಸೆಲ್‌ಗಿಂತ ದೊಡ್ಡ ಚಿತ್ರವನ್ನು ಅದು ಕಿರಿದಾಗಿಸಿ ತೋರಿಸುತ್ತದೆ ನಿಜ, ಆದರೆ ಮೂಲ ಫೈಲನ್ನು ಹಾಗೆಯೇ ಇಟ್ಟುಕೊಳ್ಳುತ್ತದೆ. ಇದರ ಜೊತೆಗೆ ನಮ್ಮಲ್ಲಿ ದಿನಾ ಬ್ಯಾಕಪ್ ತೆಗೆಯುವ ಪ್ಲಗಿನ್ ಆ ಬ್ಯಾಕಪ್ಪುಗಳನ್ನೆಲ್ಲ ಅದೇ ಹೋಸ್ಟಿಂಗ್‌ನಲ್ಲಿ ಪೇರಿಸಿಟ್ಟಿತ್ತು. ಹಳೆಯ ಬ್ಯಾಕಪ್ ಇಳಿಸಿಕೊಂಡು ಅಳಿಸಿದ ಐದು ನಿಮಿಷಕ್ಕೆ ಮೂರು ದೋಷಗಳೂ ಹೋದವು.

ಅಂದಿನಿಂದ ಉದ್ದದ ಬದಿ 2000 ಪಿಕ್ಸೆಲ್, ತೂಕ 500 ಕೆಬಿಯೊಳಗೆ ಎಂದು ಲೆಕ್ಕ ಇಟ್ಟುಕೊಂಡಿದ್ದೇವೆ. ಪುಟದ ಮುಖ್ಯ ಚಿತ್ರ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟ ಅಳತೆ, ಇಷ್ಟು ಹಗುರಾದರೆ ಅದು ಸಾಧ್ಯ. ಆದರೆ ರೇಖಾಚಿತ್ರಗಳಿಗೆ ಈ ಕತ್ತರಿಯನ್ನು ಹಾಗೇ ಆಡಿಸಬೇಡಿ. ಜೆಪೆಗ್‌ನಲ್ಲಿ ಬಿಗಿಯಾಗಿ ಹಿಂಡಿದರೆ ಕಪ್ಪು ಗೆರೆಯ ಸುತ್ತ ಬೂದು ಕಲೆಗಳು ಏಳುತ್ತವೆ. ಉಡುಪಿಯ ಕಟ್ಟಿಂಗೇರಿಯವರಾದ ಕೆ.ಕೆ. ಹೆಬ್ಬಾರರ (1911-1996) ಗೆರೆಗಳನ್ನು ನೋಡಿದವರಿಗೆ ಗೊತ್ತು, ಒಂದು ತೆಳು ಗೆರೆಯ ಮೇಲೆ ಇಡೀ ದೇಹದ ಚಲನೆ ನಿಂತಿರುತ್ತದೆ. ಅಂಥ ಕೆಲಸವನ್ನು ಪಿಎನ್‌ಜಿ ಅಥವಾ ನಷ್ಟವಿಲ್ಲದ ವೆಬ್‌ಪಿಯಲ್ಲಿ ಹಾಕಿ. ಬಣ್ಣಗಳು ಕಡಿಮೆಯಿರುವುದರಿಂದ ಫೈಲು ಅಷ್ಟೇನೂ ಭಾರವಾಗುವುದಿಲ್ಲ.

‘ಪರದೆಯಲ್ಲಿ ಕಂಡ ಬಣ್ಣ ಬೇರೆ’

ಚಿತ್ರ ಮಾರುವವರಿಗೆ ಇದಕ್ಕಿಂತ ದೊಡ್ಡ ದೋಷ ಇಲ್ಲ. ಸೈಟು ಒಂದು ದಿನ ಮುಚ್ಚಿದ್ದರೆ ಗಿರಾಕಿ ನಾಳೆ ಬಂದಾರು. ಬಣ್ಣ ಮೋಸ ಮಾಡಿತು ಎಂದು ಅನ್ನಿಸಿದವರು ಮತ್ತೆ ಬರುವುದಿಲ್ಲ. ಕಾವಿ ಚಿತ್ರದಲ್ಲಿ ಇರುವುದೇ ಎರಡು ಬಣ್ಣ, ಸುಣ್ಣದ ಬಿಳಿ ಮತ್ತು ಕೆಮ್ಮಣ್ಣಿನ ಕೆಂಪು. ಆ ಕೆಂಪೇ ತಪ್ಪಿದರೆ ಉಳಿದದ್ದೇನು?

ಅಕ್ಕನಿಗೆ ಎರಡು ತಿಂಗಳಲ್ಲಿ ಎರಡು ದೂರು ಬಂದವು, ಒಂದಕ್ಕೊಂದು ವಿರುದ್ಧ. ಒಬ್ಬರಿಗೆ ಸೈಟಿನಲ್ಲಿ ಚಿತ್ರ ಮಂಕಾಗಿ ಕಂಡಿತ್ತು, ಕೈಗೆ ಬಂದದ್ದು ಗಾಢ. ಇನ್ನೊಬ್ಬರಿಗೆ ಸೈಟಿನಲ್ಲಿ ಇಟ್ಟಿಗೆಯಂತೆ ಕೆಂಪು, ಬಂದದ್ದು ಕಂದು. ಒಂದೇ ಕಾರಣ ಎಂದುಕೊಂಡು ಹುಡುಕಿದ್ದರೆ ಸಿಗುತ್ತಿರಲಿಲ್ಲ.

ಇಂಥಲ್ಲಿ ಪರೀಕ್ಷೆ ಹೀಗೆ. ಒಂದೇ ಕಂಪ್ಯೂಟರಿನಲ್ಲಿ ಮೂಲ ಫೋಟೊವನ್ನೂ ಸೈಟಿನಿಂದ ಇಳಿಸಿಕೊಂಡ ಫೋಟೊವನ್ನೂ ಅಕ್ಕಪಕ್ಕ ತೆರೆಯಿರಿ. ಎರಡರ ನಡುವೆ ವ್ಯತ್ಯಾಸ ಇದ್ದರೆ ಬಣ್ಣ ಕೆಟ್ಟದ್ದು ಸೈಟಿಗೆ ಏರುವಾಗ. ಎರಡೂ ಒಂದೇ ಥರ ಇದ್ದು, ಎದುರಿಗಿಟ್ಟ ನಿಜವಾದ ಚಿತ್ರಕ್ಕೆ ಮಾತ್ರ ಹೊಂದದಿದ್ದರೆ ಕೆಟ್ಟದ್ದು ಫೋಟೊ ತೆಗೆಯುವಾಗ.

ಮಂಕಾದ ಚಿತ್ರ ಮೊದಲನೆಯ ಬಗೆಯದ್ದು. ಕ್ಯಾಮೆರಾ ಅಡೋಬಿ ಆರ್‌ಜಿಬಿ ಎಂಬ ವಿಶಾಲ ವರ್ಣವಲಯದಲ್ಲಿ ಉಳಿಸಿತ್ತು. ಚಿತ್ರ ಹಗುರ ಮಾಡುವ ಪ್ಲಗಿನ್ ಆ ವಲಯದ ಗುರುತುಚೀಟಿಯನ್ನು, ಅಂದರೆ ಕಲರ್ ಪ್ರೊಫೈಲನ್ನು, ಕಿತ್ತುಹಾಕಿತ್ತು. ಚೀಟಿ ಇಲ್ಲದ ಫೈಲನ್ನು ಬ್ರೌಸರ್ ಎಸ್‌ಆರ್‌ಜಿಬಿ ಎಂಬ ಕಿರಿದಾದ ಸಾಮಾನ್ಯ ವಲಯದ್ದೆಂದೇ ಓದುತ್ತದೆ, ಕೆಂಪು ಹಸಿರುಗಳೆಲ್ಲ ಕಳೆಗುಂದುತ್ತವೆ. ಪರಿಹಾರ ಸುಲಭ: ಏರಿಸುವ ಮೊದಲೇ ಎಸ್‌ಆರ್‌ಜಿಬಿಗೆ ‘ಕನ್ವರ್ಟ್’ ಮಾಡಿ. ‘ಅಸೈನ್’ ಎಂಬ ಇನ್ನೊಂದು ಆಯ್ಕೆ ಪಕ್ಕದಲ್ಲೇ ಇರುತ್ತದೆ. ಅದು ಚೀಟಿಯನ್ನಷ್ಟೇ ಬದಲಿಸಿ ಬಣ್ಣ ಕೆಡಿಸುತ್ತದೆ, ಅದನ್ನು ಒತ್ತಬೇಡಿ. ಮುದ್ರಣಾಲಯದವರು ಕೊಟ್ಟ, ಅಚ್ಚಿನ ಶಾಯಿಗಳ ಲೆಕ್ಕದಲ್ಲಿರುವ ಸಿಎಂವೈಕೆ ಫೈಲನ್ನು ಹಾಗೆಯೇ ಸೈಟಿಗೆ ಹಾಕಿದರೂ ಬಣ್ಣ ಹೀಗೇ ಎಡವುತ್ತದೆ.

ಇಟ್ಟಿಗೆ ಕೆಂಪಿನ ಚಿತ್ರದ್ದು ಬೇರೆಯೇ ಕಥೆ. ಮೂಲವೂ ಸೈಟಿನದ್ದೂ ಒಂದೇ ಥರ ಇದ್ದವು. ಆ ಫೋಟೊ ಎಲ್ಲಿ ತೆಗೆದದ್ದು ಎಂದು ಕೇಳಿದೆ. “ಜಗಲಿಯಲ್ಲಿ, ಬೆಳಕು ಅಲ್ಲಿಯೇ ಚೆಂದ ಬರುದಲ್ವಾ” ಅಂದಳು. ಅಮ್ಮನ ಮನೆಯ ಜಗಲಿ: ಕೆಳಗೆ ರೆಡ್ ಆಕ್ಸೈಡ್ ನೆಲ, ಎದುರಿಗೆ ಗಾರೆ ಮಾಡದ ಕೆಂಪುಕಲ್ಲಿನ ಕಟ್ಟೆ. ಅಂಗಳದ ಬಿಸಿಲು ಅವೆರಡಕ್ಕೂ ತಾಗಿ ಕೆಂಪಾಗಿ ಹಿಂದಿರುಗಿ ಚಿತ್ರದ ಮೇಲೆ ಬೀಳುತ್ತಿತ್ತು. ಕಣ್ಣು ಅದನ್ನು ಹೊಂದಿಸಿಕೊಂಡುಬಿಡುತ್ತದೆ, ಕ್ಯಾಮೆರಾ ಹೊಂದಿಸಿಕೊಳ್ಳುವುದಿಲ್ಲ. ಚಿತ್ರದ ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ಫೋಟೊ ತೆಗೆದಾಗ ಹಾಳೆಯೂ ಗುಲಾಬಿಯಾಗಿ ಬಂತು, ಅನುಮಾನ ಉಳಿಯಲಿಲ್ಲ. ಈಗ ನೆಲಕ್ಕೆ ಬಿಳಿ ಬೈರಾಸ ಹಾಸಿ, ಉತ್ತರದ ಕಿಟಕಿಯ ಹತ್ತಿರ, ಬೂದು ಕಾರ್ಡ್ ಇಟ್ಟು ವೈಟ್ ಬ್ಯಾಲೆನ್ಸ್ ಮಾಡಿ, ಅಂದರೆ ಕ್ಯಾಮೆರಾವನ್ನು ಬೆಳಕಿನ ಬಣ್ಣಕ್ಕೆ ಹೊಂದಿಸಿ, ತೆಗೆಯುತ್ತೇವೆ. ಮೋಡದ ದಿನದ ಬೆಳಕು ನೆರಳಿಲ್ಲದೆ ಹರಡುವುದರಿಂದ ಚಿತ್ರಗಳಿಗೆ ಬಹಳ ಒಳ್ಳೆಯದು. ತುಸು ನೀಲಿಗೆ ವಾಲುತ್ತದೆ, ಅದನ್ನು ಕಾರ್ಡ್ ಸರಿಮಾಡುತ್ತದೆ.

ಇಷ್ಟಾದ ಮೇಲೂ ದೂರು ಬಂದರೆ ಗಿರಾಕಿಯ ಫೋನಿನಲ್ಲಿ ಕಣ್ಣಿಗೆ ತಂಪು ಮಾಡುವ ಹಳದಿ ಫಿಲ್ಟರ್ ಆನ್ ಇದೆಯೇ ಎಂದು ಮೆಲ್ಲನೆ ಕೇಳಿ.

ಕನ್ನಡ ಅಕ್ಷರ ಅಳಿಸಿಹೋದಾಗ

ಚಿತ್ರದ ಕೆಳಗಿನ ಕನ್ನಡ ಬರಹ ಕೆಡುವುದರಲ್ಲಿ ಮೂರು ಬಗೆ ಇದೆ, ಕಣ್ಣಿಗೇ ಗೊತ್ತಾಗುತ್ತವೆ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡರೆ, ಡಿಟಿಪಿಯವರು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಮಾಡಿದ ಕರಪತ್ರದಿಂದ ಯಾರೋ ಪಠ್ಯ ನಕಲು ಮಾಡಿದ್ದಾರೆ ಎಂದು ಅರ್ಥ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತಂದರೆ ಮುಗಿಯಿತು. ಹೋಸ್ಟಿಂಗ್ ಬದಲಿಸಿದ ಮೇಲೆ, ತಲೆಯ ಮೇಲೆ ಗೀಟಿರುವ ರೋಮನ್ ಅಕ್ಷರಗಳೂ ಚಿಹ್ನೆಗಳೂ ಸಾಲುಗಟ್ಟಿದರೆ ಹೆದರಬೇಡಿ, ಮಾಹಿತಿ ಒಳಗೆ ಜೋಪಾನವಾಗಿದೆ, ಓದುವ ಸಂಕೇತವಷ್ಟೇ ತಪ್ಪಿದೆ. ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಮಾತ್ರ ಎದೆ ಧಸಕ್ಕೆನ್ನಬೇಕು. ಹೆಚ್ಚಾಗಿ ಅಕ್ಷರಗಳು ಡೇಟಾಬೇಸಿನಲ್ಲೇ ನಾಶವಾಗಿರುತ್ತವೆ, ಆಗ ಹಳೆಯ ಬ್ಯಾಕಪ್ ಒಂದೇ ದಾರಿ. ಹೊಸ ಡೇಟಾಬೇಸನ್ನು ಯುಟಿಎಫ್8ಎಂಬಿ4 ಎಂಬ ಯೂನಿಕೋಡ್ ಸಂಕೇತದಲ್ಲಿ ಮಾಡಿಕೊಂಡೇ ಅದನ್ನು ಮರಳಿ ತುಂಬಿಸಿ.

ಇನ್ನೊಂದು ಸಂಗತಿ. ಚಿತ್ರದ ಕನ್ನಡ ಶೀರ್ಷಿಕೆಯನ್ನೇ ಲಿಂಕ್ ಮಾಡಲು ಬಿಟ್ಟರೆ ಪ್ರತಿ ಕನ್ನಡ ಸಂಕೇತವೂ ಶೇಕಡಾ ಚಿಹ್ನೆಗಳೊಂದಿಗೆ ಒಂಬತ್ತು ಅಕ್ಷರವಾಗಿ ಉಬ್ಬುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಲಿಂಕಿನ ಆ ಭಾಗಕ್ಕೆ ಇರುವ ಮಿತಿ 200. ಸುಮಾರು 22 ಸಂಕೇತಗಳಾದ ಮೇಲೆ ಶೀರ್ಷಿಕೆ ತುಂಡಾಗುತ್ತದೆ, ಒತ್ತಕ್ಷರ ಗುಣಿತಗಳೂ ಈ ಲೆಕ್ಕಕ್ಕೆ ಸೇರುತ್ತವೆ. ವಾಟ್ಸಾಪಿನಲ್ಲಿ ಅಂಥ ಲಿಂಕ್ ಕಂಡವರು ಮೋಸದ್ದೆಂದು ಮುಟ್ಟುವುದಿಲ್ಲ. ಶೀರ್ಷಿಕೆ ಕನ್ನಡದಲ್ಲಿರಲಿ, ಲಿಂಕನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆಯಿರಿ.

ಹಣ ಹೋಯಿತು, ಆರ್ಡರ್ ಬರಲಿಲ್ಲ

ಒಂದೇ ಮೂಲ ಚಿತ್ರವನ್ನು ಇಬ್ಬರಿಗೆ ಮಾರಿದ ಪ್ರಸಂಗ ಇದು. 18,000 ರೂಪಾಯಿಯ ಕಾವಿ ಚಿತ್ರ. ರಾತ್ರಿ ಬೆಂಗಳೂರಿನವರೊಬ್ಬರು ಯುಪಿಐ ಮೂಲಕ ಹಣ ಕಟ್ಟಿ, ಪರದೆ ಮರಳಿ ಸೈಟಿಗೆ ಬರುವ ಮೊದಲೇ ಬ್ರೌಸರ್ ಮುಚ್ಚಿದರು. ಸೈಟಿನಲ್ಲಿ ಆರ್ಡರ್ ‘ಪೆಂಡಿಂಗ್’ ಎಂದೇ ಉಳಿಯಿತು. ಒಂದು ಗಂಟೆಯ ನಂತರ ಅದು ತಾನಾಗಿ ರದ್ದಾಗಿ, ಚಿತ್ರ ಮತ್ತೆ ಮಾರಾಟಕ್ಕೆ ನಿಂತಿತು. ಬೆಳಿಗ್ಗೆ ಮುಂಬೈಯವರೊಬ್ಬರು ಕೊಂಡರು. ಅಕ್ಕ ಬೆಂಗಳೂರಿನವರಿಗೆ ಫೋನ್ ಮಾಡಿ ಹಣ ಮರಳಿಸಿ ಕ್ಷಮೆ ಕೇಳಿದಳು. ಅವರು ಆ ಚಿತ್ರವನ್ನು ತಾಯಿಗೆಂದು ಆರಿಸಿದ್ದರಂತೆ. ಆ ದಿನ ಅವಳು ಕುಂಚ ಮುಟ್ಟಲಿಲ್ಲ.

ಹಣ ಬಂದ ಸುದ್ದಿ ಸೈಟಿಗೆ ಎರಡು ದಾರಿಯಲ್ಲಿ ತಲುಪುತ್ತದೆ. ಗಿರಾಕಿಯ ಬ್ರೌಸರ್ ಮರಳಿ ಬರುವುದು ಒಂದು. ಗೇಟ್‌ವೇ ನೇರವಾಗಿ ನಮ್ಮ ಸರ್ವರ್‌ಗೆ ತಿಳಿಸುವ ವೆಬ್‌ಹುಕ್ ಇನ್ನೊಂದು. ಮೊದಲನೆಯದನ್ನು ನಂಬುವಂತಿಲ್ಲ, ನೆಟ್‌ವರ್ಕ್ ಯಾವ ಕ್ಷಣಕ್ಕೂ ಹೋದೀತು. ಎರಡನೆಯದು ಗಟ್ಟಿಯಿರಬೇಕು. ಗೇಟ್‌ವೇಯ ಡ್ಯಾಶ್‌ಬೋರ್ಡಿನಲ್ಲಿ ವೆಬ್‌ಹುಕ್ ದಾಖಲೆ ತೆರೆದು ನಮ್ಮ ಸರ್ವರ್ ಕೊಟ್ಟ ಉತ್ತರದ ಸಂಖ್ಯೆ ನೋಡಿ. 200 ಇದ್ದರೆ ಸುದ್ದಿ ಮುಟ್ಟಿದೆ. 403 ಇದ್ದರೆ ಸೆಕ್ಯುರಿಟಿ ಪ್ಲಗಿನ್ ಬಾಗಿಲಲ್ಲೇ ತಡೆದಿದೆ. 500 ಇದ್ದರೆ ಅಂಗಡಿಯೊಳಗೆ ಪಿಎಚ್‌ಪಿ (ಸೈಟು ನಡೆಸುವ ಕೋಡ್‌ನ ಭಾಷೆ) ದೋಷ. ನಮ್ಮದರಲ್ಲಿ ಇದ್ದದ್ದು 301, ಅಂದರೆ ‘ವಿಳಾಸ ಬದಲಾಗಿದೆ, ಅಲ್ಲಿಗೆ ಹೋಗು’. ಕೆಲವು ವಾರಗಳ ಹಿಂದೆ ಸೈಟಿನ ವಿಳಾಸದ ಮುಂದಿದ್ದ ಮೂರು ಡಬ್ಲ್ಯೂಗಳನ್ನು ನಾನು ತೆಗೆದಿದ್ದೆ, ಗೇಟ್‌ವೇಯಲ್ಲಿ ಹಳೆಯ ವಿಳಾಸವೇ ಇತ್ತು. ಬ್ರೌಸರ್ ಆದರೆ ಹೊಸ ವಿಳಾಸಕ್ಕೆ ತಾನೇ ಹೋಗುತ್ತದೆ, ಆ ವೆಬ್‌ಹುಕ್ ಹೋಗಲಿಲ್ಲ. ಬ್ರೌಸರ್ ಮುಚ್ಚದ ಗಿರಾಕಿಗಳ ಆರ್ಡರ್ ಎಲ್ಲ ಸರಿಯಾಗಿಯೇ ಬರುತ್ತಿದ್ದುದರಿಂದ ದೋಷ ಅಷ್ಟು ದಿನ ಅಡಗಿ ಕೂತಿತ್ತು.

ವಿಳಾಸ ಸರಿಪಡಿಸಿದ ಮೇಲೆ ಇನ್ನೊಂದು ಬದಲಾವಣೆ ಮಾಡಿದೆ. ವೂಕಾಮರ್ಸ್‌ನಲ್ಲಿ ಹಣ ಬಾರದ ಆರ್ಡರಿಗಾಗಿ ಸರಕು ಹಿಡಿದಿಡುವ ಅವಧಿ ಮೊದಲಿಗೆ 60 ನಿಮಿಷ ಇರುತ್ತದೆ. ನೂರು ಪ್ರತಿಯ ಮುದ್ರಿತ ಚಿತ್ರಗಳಿಗೆ ಅದು ಸಾಕು. ಒಂದೇ ಒಂದು ಇರುವ ಮೂಲ ಚಿತ್ರಕ್ಕೆ ಸಾಲದು, 1440 ನಿಮಿಷ ಅಂದರೆ ಒಂದು ದಿನ ಇಟ್ಟಿದ್ದೇನೆ. ಆ ಜಾಗವನ್ನು ಖಾಲಿ ಬಿಡಬೇಡಿ, ಬಿಟ್ಟರೆ ಹಿಡಿದಿಡುವುದೇ ನಿಂತುಹೋಗುತ್ತದೆ. ಕಾರ್ಟ್ ಮತ್ತು ಚೆಕ್‌ಔಟ್ ಪುಟಗಳನ್ನು ಕ್ಯಾಶ್‌ನಿಂದ (ಪುಟದ ಪ್ರತಿಯನ್ನು ಉಳಿಸಿಟ್ಟು ಅದನ್ನೇ ಮತ್ತೆ ತೋರಿಸುವ ವ್ಯವಸ್ಥೆಯಿಂದ) ಹೊರಗಿಡಿ. ಇಲ್ಲವಾದರೆ ಮಾರಾಟವಾದ ಚಿತ್ರ ಕಾರ್ಟಿನಲ್ಲಿ ಇನ್ನೂ ಇದೆ ಎಂದು ತೋರುತ್ತಿರಬಹುದು. ಇನ್‌ಸ್ಟಾಗ್ರಾಮ್ ಸಂದೇಶದಲ್ಲಿ ಮಾತಾಗಿ ಮಾರಿದ್ದನ್ನು ಸೈಟಿನಲ್ಲಿ ಸೊನ್ನೆ ಮಾಡಬೇಕಾದವರು ಕಲಾವಿದರೇ, ಅದಕ್ಕೆ ಯಾವ ಪ್ಲಗಿನ್ನೂ ಇಲ್ಲ.

ದೊಡ್ಡ ಚಿತ್ರಗಳ ಹಣ ಮಾತ್ರ ವಿಫಲವಾಗುತ್ತಿದ್ದರೆ ಮೊತ್ತ ನೋಡಿ. ಯುಪಿಐಯಲ್ಲಿ ಸಾಮಾನ್ಯ ಮಿತಿ ಒಂದು ಸಲಕ್ಕೆ 1 ಲಕ್ಷ ರೂಪಾಯಿ. ಅದಕ್ಕಿಂತ ಹೆಚ್ಚಿನ ಬೆಲೆಯ ಚಿತ್ರದ ಪುಟದಲ್ಲಿ ನೆಟ್‌ಬ್ಯಾಂಕಿಂಗ್ ಬಳಸಿ ಎಂದು ಒಂದು ಸಾಲು ಬರೆಯಿರಿ.

ಆರ್ಡರ್ ಇದೆ, ಮೇಲ್ ಬರಲಿಲ್ಲ ಎಂದಾದರೆ ಕಾರಣ ಹೆಚ್ಚಾಗಿ ಒಂದೇ: ಸೈಟು ಕಳಿಸುವ ಮೇಲಿನಲ್ಲಿ ‘ಇಂದ’ ಎಂಬಲ್ಲಿ ಜಿಮೇಲ್ ವಿಳಾಸ ಹಾಕಿರುತ್ತೀರಿ, ಕಳಿಸುವುದು ಮಾತ್ರ ನಿಮ್ಮ ಹೋಸ್ಟಿಂಗ್ ಸರ್ವರ್. ತೆಗೆದುಕೊಳ್ಳುವವರಿಗೆ ಅದು ಖೋಟಾ ಸಹಿಯಂತೆ ಕಾಣುತ್ತದೆ. ಸ್ವಂತ ಡೊಮೇನಿನ ವಿಳಾಸದಿಂದ, ಎಸ್‌ಎಂಟಿಪಿ (ಲಾಗಿನ್ ಆಗಿ ಮೇಲ್ ಕಳಿಸುವ ದಾರಿ) ಮೂಲಕ ಕಳಿಸಿ, ಮೇಲ್ ನಿಮ್ಮದೇ ಎಂದು ಸಾಬೀತುಪಡಿಸುವ ಎಸ್‌ಪಿಎಫ್ ಮತ್ತು ಡಿಕಿಮ್ ದಾಖಲೆಗಳನ್ನು ಡಿಎನ್‌ಎಸ್‌ನಲ್ಲಿ ಸೇರಿಸಿ. 2024ರ ಫೆಬ್ರವರಿಯಿಂದ ಜಿಮೇಲ್ ಇವನ್ನು ಇನ್ನಷ್ಟು ಬಿಗಿಯಾಗಿ ನೋಡುತ್ತಿದೆ.

ಅಪ್‌ಡೇಟ್ ಮಾಡಿದೆ, ಪುಟ ಬಿಳಿಯಾಯಿತು

ಪ್ಲಗಿನ್‌ಗಳ ಫೋಲ್ಡರಿನ ಹೆಸರನ್ನು ಫೈಲ್ ಮ್ಯಾನೇಜರಿನಲ್ಲಿ ಬದಲಿಸಿ. ಎಲ್ಲ ಪ್ಲಗಿನ್‌ಗಳೂ ಮಲಗುತ್ತವೆ. ಸೈಟು ಎದ್ದರೆ ಅಡ್ಮಿನ್‌ನ ಪ್ಲಗಿನ್ ಪುಟವನ್ನು ಒಮ್ಮೆ ತೆರೆದು, ಆಮೇಲೆ ಹಳೆಯ ಹೆಸರು ಮರಳಿ ಕೊಟ್ಟು, ಒಂದೊಂದನ್ನೇ ಎಬ್ಬಿಸಿ, ಪ್ರತಿ ಸಲ ಪುಟ ನೋಡಿ. ಏಳದಿದ್ದರೆ ಥೀಮ್ ಅಥವಾ ಪಿಎಚ್‌ಪಿ ಆವೃತ್ತಿ. ದೋಷಗಳನ್ನು ಬರೆದಿಡುವ ಡೀಬಗ್ ಲಾಗ್ ಆನ್ ಮಾಡಿದರೆ ಯಾವ ಫೈಲಿನ ಯಾವ ಸಾಲು ಎಂದು ಅದೇ ಹೇಳುತ್ತದೆ. ಮುಖಪುಟ ಮಾತ್ರ ತೆರೆದು ಉಳಿದೆಲ್ಲ 404 (ಪುಟ ಸಿಗಲಿಲ್ಲ) ಎಂದರೆ ಪುಟಗಳ ಲಿಂಕ್ ರೂಪ ನಿರ್ಧರಿಸುವ ಪರ್ಮಾಲಿಂಕ್ ಸೆಟ್ಟಿಂಗ್‌ಗೆ ಹೋಗಿ ಏನೂ ಬದಲಿಸದೆ ‘ಸೇವ್’ ಒತ್ತಿ.

ಯಾವ ದೋಷ ಸರಿಪಡಿಸಿದರೂ ನಾನು ಕೊನೆಗೆ ಮಾಡುವ ಒಂದು ಕೆಲಸ ಇದೆ. ಕ್ಯಾಟಲಾಗಿನಲ್ಲಿ ಕಾಣದಂತೆ ಬಚ್ಚಿಟ್ಟ, 1 ರೂಪಾಯಿಯ ‘ಪರೀಕ್ಷೆ’ ಎಂಬ ಸರಕು ಪ್ರತಿ ಸೈಟಿನಲ್ಲಿಯೂ ಇದೆ. ಸೈಟಿಗೆ ಎಂದೂ ಲಾಗಿನ್ ಆಗದ ಫೋನಿನಲ್ಲಿ, ಮೊಬೈಲ್ ಡೇಟಾದಲ್ಲಿ ಅದನ್ನು ಕೊಂಡು, ಹಣ ಕಟ್ಟಿದ ಕೂಡಲೇ ಬೇಕೆಂದೇ ಬ್ರೌಸರ್ ಮುಚ್ಚುತ್ತೇನೆ. ಆರ್ಡರ್ ‘ಪ್ರೊಸೆಸಿಂಗ್’ಗೆ ಬಂತೇ, ದಾಸ್ತಾನು ಒಂದು ಕಡಿಮೆಯಾಯಿತೇ, ಅಕ್ಕನಿಗೂ ಗಿರಾಕಿಗೂ ಮೇಲ್ ಹೋಯಿತೇ ಎಂದು ನೋಡಿ, ಹಣ ಮರಳಿಸಿ, ತಾರೀಕು ಮತ್ತು ಮಾಡಿದ ಬದಲಾವಣೆಯನ್ನು ಪುಸ್ತಕದಲ್ಲಿ ಬರೆದ ಮೇಲೆಯೇ ಅಕ್ಕನಿಗೆ ಫೋನ್ ಮಾಡುತ್ತೇನೆ: “ಸರಿ ಆಗಿದೆ, ಹೊಸ ಚಿತ್ರ ಹಾಕ್ಲಿಕ್ಕೆ ಅಡ್ಡಿ ಇಲ್ಲ.”